ಕಾಲೇಜು ಬ್ಯಾಗಿನಲ್ಲಿ ಲೈಸೆನ್ಸ್ ಇರೋ ಪಿಸ್ತೂಲು: ಅದರ ಬೆಲೆ ಕಟ್ಟೋರು ಯಾರು?

ಇದು ಈ ವಾರದ ಮಾತಿನ ಬರಹ ರೂಪ. ವಿಡಿಯೊದಲ್ಲಿ ಅವಸರದಲ್ಲಿ ಬಿಟ್ಟುಹೋದ ಕೆಲವು ಅಂಕಿಗಳನ್ನು ಇಲ್ಲಿ ಸೇರಿಸಿದ್ದೀನಿ.

ವಿಷಯ ಶುರುವಾಗಿದ್ದು ಅಕ್ಕನ ಫೋನಿಂದ. ಐರೋಲಿಯಲ್ಲಿ ಆಫೀಸು ಮುಗಿಸಿ ಠಾಣೆಗೆ ಬಂದು, ಡೊಂಬಿವಲಿ ಲೋಕಲ್‌ಗೆ ಕಾಯ್ತಾ ನಿಂತಿದ್ದೆ. ಅಕ್ಕ ದಾವಣಗೆರೆಯಿಂದ ಮಾಡಿದ್ಲು. ಅವಳ ಮಗನಿಗೆ ಟೆಕ್ಸಾಸ್‌ನ ಒಂದು ಸರಕಾರಿ ವಿಶ್ವವಿದ್ಯಾಲಯದಲ್ಲಿ ಎಂಎಸ್ ಸೀಟು ಸಿಕ್ಕಿದೆ. ಸಂತೋಷದ ಸುದ್ದಿ. ಆದರೆ ಅವಳ ದನಿಯಲ್ಲಿ ಸಂತೋಷ ಇರಲಿಲ್ಲ. "ಲೋ, ಅಲ್ಲಿ ಕ್ಲಾಸಿಗೆ ಬರೋ ಹುಡುಗರು ಬ್ಯಾಗಲ್ಲಿ ಪಿಸ್ತೂಲು ಇಟ್ಕೊಂಡು ಕೂತ್ಕೋಬಹುದಂತೆ. ನೀನು ಎಂಟೆಕ್ ಓದಿದೋನು, ನಿಜಾನಾ ಸುಳ್ಳಾ ಹೇಳು" ಅಂದ್ಲು.

ನಿಜ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

ಇನ್ನೊಂದು ಕಡೆ, 2024ರಿಂದ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಆಗಾಗ ಇದಕ್ಕೆ ಉಲ್ಟಾ ಮಾತು ಏಳುತ್ತೆ. "ಗೂಂಡಾಗಳ ಹತ್ರ ಹೇಗೂ ಗನ್ ಇದೆ. ಒಳ್ಳೆಯವರಿಗೂ ಲೈಸೆನ್ಸ್ ಕೊಡಲಿ. ಕಾಲೇಜಿಗೆ ಹೋಗೋ ಹೆಣ್ಣುಮಕ್ಕಳ ಪರ್ಸಲ್ಲೂ ಒಂದು ಇರಲಿ." ಹೇಳೋರು ಕೆಟ್ಟವರಲ್ಲ. ಮಗಳು ರಾತ್ರಿ ಹತ್ತೂವರೆಗೆ ಕ್ಲಾಸ್ ಮುಗಿಸಿ ಕಲ್ಯಾಣ್ ಸ್ಟೇಷನ್ನಿಂದ ರಿಕ್ಷಾ ಹಿಡಿದು ಬರೋವರೆಗೂ ಊಟ ಮಾಡದೆ ಕಾಯೋ ಅಪ್ಪಂದಿರು ಅವರು.

ಹಾಗಾಗಿ ಇವತ್ತಿನ ಪ್ರಶ್ನೆ ಇದು: ಲೈಸೆನ್ಸ್ ಇರೋ, ಬಟ್ಟೆಯೊಳಗೋ ಬ್ಯಾಗಿನೊಳಗೋ ಮುಚ್ಚಿಟ್ಟ ಪಿಸ್ತೂಲನ್ನು ಕಾಲೇಜಿನೊಳಗೆ ಬಿಟ್ಟರೆ ಅದರ ಬೆಲೆ ಎಷ್ಟು, ಕಟ್ಟೋರು ಯಾರು?

ಮೊದಲು ಕಾನೂನು

ನಮ್ಮ ದೇಶದಲ್ಲಿ 1959ರ ಆಯುಧ ಕಾಯ್ದೆ ಇದೆ, ಅದರ ಕೆಳಗೆ 2016ರ ನಿಯಮಗಳಿವೆ. 21 ವರ್ಷ ತುಂಬಿರಬೇಕು, ಪೊಲೀಸ್ ವಿಚಾರಣೆ ಆಗಬೇಕು, ಆಮೇಲೆ ಲೈಸೆನ್ಸ್. ಪಿಸ್ತೂಲನ್ನು ಹೊರಗೆ ಒಯ್ಯುವಾಗ ಕಾಣದ ಹಾಗೆ ಮುಚ್ಚಿಟ್ಟುಕೊಂಡೇ ಒಯ್ಯಬೇಕು. ಅಂದ್ರೆ ಮುಚ್ಚಿಟ್ಟ ಗನ್ ಅನ್ನೋದು ಅಮೆರಿಕದ ವಿಷಯ ಮಾತ್ರ ಅಲ್ಲ, ನಮ್ಮ ನಿಯಮವೂ ಅದೇ.

ಆದರೆ ಲೈಸೆನ್ಸಿನ ಷರತ್ತಿನಲ್ಲಿ ಒಂದು ಸಾಲಿದೆ, ಬಹಳ ಜನ ಓದಿರಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರ ವಿಶೇಷ ಅನುಮತಿ ಇಲ್ಲದೆ ಆ ಆಯುಧವನ್ನು ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಸಾರ್ವಜನಿಕ ಸಭೆಗೆ, ವಿದ್ಯಾಸಂಸ್ಥೆಯ ಆವರಣಕ್ಕೆ ಒಯ್ಯುವಂತಿಲ್ಲ. ಜಾತ್ರೆ ಮತ್ತು ಕಾಲೇಜು ಒಂದೇ ಸಾಲಿನಲ್ಲಿ ಬಂದಿವೆ, ಗಮನಿಸಿ. ಜನ ಒತ್ತಾಗಿ ಸೇರುವ, ಬಿಸಿ ಬೇಗ ಏರುವ ಜಾಗಗಳು ಅಂತ ಬರೆದವರಿಗೆ ಗೊತ್ತಿತ್ತು. ಚುನಾವಣೆ ಬಂದಾಗಲೂ ನೋಡಿ, ಲೈಸೆನ್ಸ್ ಇರೋರ ಹತ್ತಿರವೂ ಆಯುಧ ಠಾಣೆಗೆ ತಂದಿಡಿ ಅಂತ ಪೊಲೀಸರು ಕೇಳ್ತಾರೆ. ಅವರೆಲ್ಲ ಕಳ್ಳರು ಅಂತ ಅಲ್ಲ. ಆ ದಿನಗಳಲ್ಲಿ ಜಗಳ ಜಾಸ್ತಿ ಅಂತ.

ಈಗ ಟೆಕ್ಸಾಸ್. ಅಲ್ಲಿನ ಸೆನೆಟ್ ಬಿಲ್ 11 ಜಾರಿಗೆ ಬಂದಿದ್ದು 2016ರ ಆಗಸ್ಟ್ 1ಕ್ಕೆ. ಅದಕ್ಕೆ ಸರಿಯಾಗಿ ಐವತ್ತು ವರ್ಷ ಹಿಂದೆ, 1966ರ ಆಗಸ್ಟ್ 1ರಂದು, ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಗೋಪುರ ಹತ್ತಿ ಒಬ್ಬ ಕೆಳಗಿದ್ದವರ ಮೇಲೆ ಗುಂಡು ಹಾರಿಸಿದ್ದ. ಹೊಸ ಕಾನೂನಿನ ಪ್ರಕಾರ ಸರಕಾರಿ ವಿಶ್ವವಿದ್ಯಾಲಯಗಳು ಲೈಸೆನ್ಸ್ ಇರೋರನ್ನು ಮುಚ್ಚಿಟ್ಟ ಪಿಸ್ತೂಲಿನ ಜೊತೆ ಒಳಗೆ ಬಿಡಲೇಬೇಕು. ಕೆಲವು ಜಾಗಗಳನ್ನು ಹೊರತುಪಡಿಸಬಹುದು, ಇಡೀ ಕ್ಯಾಂಪಸ್ಸಿಗೆ ಬೇಡ ಅನ್ನೋ ಹಾಗಿಲ್ಲ. ಖಾಸಗಿ ವಿಶ್ವವಿದ್ಯಾಲಯಗಳಿಗೆ ಮಾತ್ರ "ನಮಗೆ ಬೇಡ" ಅನ್ನೋ ಆಯ್ಕೆ ಕೊಟ್ಟರು. ರೈಸ್, ಬೇಲರ್ ಸೇರಿದಂತೆ ಹೆಚ್ಚುಕಡಿಮೆ ಎಲ್ಲವೂ ಬೇಡ ಅಂದವು. ಆಯ್ಕೆ ಇದ್ದವರು ಏನು ಮಾಡಿದರು ಅನ್ನೋದೇ ಒಂದು ಮಾಹಿತಿ ಅಲ್ವಾ?

ನಮ್ಮವರಿಗೆ ಇನ್ನೊಂದು ಮುಖ್ಯ ವಿಷಯ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ವಲಸೆಯೇತರ ವೀಸಾದಲ್ಲಿ ಹೋದವರು, ಅಂದ್ರೆ ಎಫ್-1 ವಿದ್ಯಾರ್ಥಿಗಳು, ಎಚ್-1ಬಿ ಎಂಜಿನಿಯರುಗಳು, ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ ಬಂದೂಕು ಇಟ್ಟುಕೊಳ್ಳುವುದೇ ಅಪರಾಧ. ಅಂದ್ರೆ ಅಕ್ಕನ ಮಗನ ಪಕ್ಕದಲ್ಲಿ ಕೂತವನ ಹತ್ರ ಗನ್ ಇರಬಹುದು, ಇವನ ಹತ್ರ ಇರುವಂತಿಲ್ಲ. ಆತ್ಮರಕ್ಷಣೆಯ ಲಾಭ ಅಂತ ಏನಾದರೂ ಇದ್ದರೆ ಅದು ಇವನಿಗಿಲ್ಲ, ಅಪಾಯದ ಪಾಲು ಮಾತ್ರ ಸಮಪಾಲು.

ಆ ಕಡೆಯವರ ವಾದವನ್ನೂ ಸರಿಯಾಗಿ ಕೇಳೋಣ

2007ರ ಏಪ್ರಿಲ್ 16. ವರ್ಜೀನಿಯಾ ಟೆಕ್. ಒಬ್ಬ ವಿದ್ಯಾರ್ಥಿ 32 ಜನರನ್ನು ಕೊಂದ. ಸತ್ತವರಲ್ಲಿ ತಮಿಳುನಾಡು ಮೂಲದ ಪ್ರೊಫೆಸರ್ ಜಿ. ವಿ. ಲೋಗನಾಥನ್ ಇದ್ದರು, ನಮ್ಮ ಮುಂಬೈಯಿಂದ ಓದಲು ಹೋಗಿದ್ದ ಮೀನಲ್ ಪಾಂಚಾಲ್ ಇದ್ದಳು. ಆ ಕ್ಯಾಂಪಸ್ಸಿನಲ್ಲಿ ಗನ್ ನಿಷೇಧ ಇತ್ತು. ಅದೇ ವರ್ಷ ವಿದ್ಯಾರ್ಥಿಗಳ ಒಂದು ಗುಂಪು ಕೇಳಿತು: ಕೊಲೆಗಾರ ನಿಷೇಧ ಓದಿ ವಾಪಸ್ ಹೋಗಲಿಲ್ಲ, ಕೋಣೆಯೊಳಗೆ ಸಿಕ್ಕಿಕೊಂಡವರಲ್ಲಿ ಒಬ್ಬರ ಹತ್ತಿರವಾದರೂ ಗನ್ ಇದ್ದಿದ್ದರೆ?

ಇದು ತಳ್ಳಿಹಾಕುವ ಪ್ರಶ್ನೆ ಅಲ್ಲ. 2016ರಲ್ಲಿ ಐಐಟಿ ಖರಗ್‌ಪುರದಲ್ಲಿ ಓದಿದ್ದ ಒಬ್ಬಾತ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಒಬ್ಬರನ್ನು ಅವರ ಕೋಣೆಯಲ್ಲೇ ಕೊಂದ. ಅಲ್ಲೂ ನಿಷೇಧ ಇತ್ತು. ಜೊತೆಗೆ ಟೆಕ್ಸಾಸಿನಲ್ಲಿ ಲೈಸೆನ್ಸ್ ಪಡೆದವರಿಗೆ ಅಪರಾಧದಲ್ಲಿ ಶಿಕ್ಷೆಯಾಗುವ ಪ್ರಮಾಣ ಉಳಿದವರಿಗಿಂತ ಕಡಿಮೆ. 2016ರ ನಂತರ ಅಲ್ಲಿನ ಕ್ಲಾಸುಗಳಲ್ಲಿ ದಿನಾ ರಕ್ತ ಹರಿದಿದ್ದೂ ಇಲ್ಲ. ಹಾಗೆ ಹೆದರಿಸಿದವರ ಮಾತು ಸುಳ್ಳಾಯಿತು.

ಹಾಗಾದ್ರೆ ಬೆಲೆ ಎಲ್ಲಿದೆ? ನಾವು ಸಾಫ್ಟ್‌ವೇರ್ ಜನ, ಹೀಗೆ ಯೋಚಿಸೋಣ. ಹತ್ತು ವರ್ಷಕ್ಕೊಮ್ಮೆ ಬರಬಹುದಾದ ಒಂದು ದಾಳಿ ತಡೆಯೋಕೆ ನೀವು ಒಂದು ಮಾಡ್ಯೂಲ್ ಹಾಕ್ತೀರಿ. ಅದು ಆ ಒಂದು ದಿನ ಮಾತ್ರ ಓಡಲ್ಲ, ದಿನದ 24 ಗಂಟೆ ಪ್ರೊಡಕ್ಷನ್‌ನಲ್ಲಿ ಕೂತಿರುತ್ತೆ. ಲಾಭದ ಲೆಕ್ಕ ಹಾಕೋದು ಆ ಒಂದು ದಿನದ ಮೇಲೆ, ತೊಂದರೆ ಬರೋದು ಉಳಿದ ಸಾವಿರಾರು ದಿನಗಳಲ್ಲಿ. ಕಾಲೇಜಿನ ಗನ್ನೂ ಹಾಗೇ. ಹತ್ಯಾಕಾಂಡದ ದಿನದ ವಾದ ಬಿಟ್ಟು, ಏನೂ ಆಗದ ಮಾಮೂಲಿ ಮಂಗಳವಾರದ ಲೆಕ್ಕ ಹಾಕೋಣ.

ಒಂದ್ಸಲ ಲಾಗಿನ್, ಐದು ವರ್ಷ ಸೆಷನ್

ಲೈಸೆನ್ಸ್ ಅಂದ್ರೇನು? ಒಂದು ದಿನ ನಿಮ್ಮನ್ನು ಪರೀಕ್ಷೆ ಮಾಡಿ "ಈತ ಸರಿ ಇದ್ದಾನೆ" ಅಂತ ಬರೆದುಕೊಡೋದು. ನಮ್ಮಲ್ಲಿ ಮೊದಲು ಅದರ ಅವಧಿ ಮೂರು ವರ್ಷ ಇತ್ತು, 2019ರ ತಿದ್ದುಪಡಿಯಲ್ಲಿ ಐದು ವರ್ಷ ಮಾಡಿದರು. ಐದು ವರ್ಷದಲ್ಲಿ ಮನುಷ್ಯನಿಗೆ ಏನೆಲ್ಲ ಆಗುತ್ತೆ ಯೋಚಿಸಿ. ಕೆಲಸ ಹೋಗುತ್ತೆ, ಮದುವೆ ಮುರಿಯುತ್ತೆ, ಜಾಗದ ತಕರಾರು ಬರುತ್ತೆ. ಲೈಸೆನ್ಸ್ ಕಾಗದಕ್ಕೆ ಇದ್ಯಾವುದೂ ಗೊತ್ತಾಗಲ್ಲ.

ನಮ್ಮ ಏರಿಯಾದ್ದೇ ಉದಾಹರಣೆ ತಗೊಳ್ಳಿ. 2024ರ ಫೆಬ್ರವರಿ 2ರ ರಾತ್ರಿ, ಉಲ್ಲಾಸನಗರದ ಹಿಲ್ ಲೈನ್ ಪೊಲೀಸ್ ಠಾಣೆ. ಜಾಗದ ತಕರಾರಿನ ವಿಷಯಕ್ಕೆ ಎರಡು ಕಡೆಯವರೂ ಬಂದಿದ್ದರು. ಆಗ ಕಲ್ಯಾಣ್ ಪೂರ್ವದ ಶಾಸಕರಾಗಿದ್ದ ಗಣಪತ್ ಗಾಯಕ್ವಾಡ್, ಶಿವಸೇನೆಯ ಸ್ಥಳೀಯ ಮುಖಂಡ ಮಹೇಶ್ ಗಾಯಕ್ವಾಡ್ ಮೇಲೆ ಹಿರಿಯ ಇನ್‌ಸ್ಪೆಕ್ಟರರ ಕ್ಯಾಬಿನ್ನಿನಲ್ಲೇ ಗುಂಡು ಹಾರಿಸಿದರು ಅನ್ನೋದು ಪ್ರಕರಣ. ಸಿಸಿಟಿವಿ ದೃಶ್ಯ ನಾವೆಲ್ಲ ಮೊಬೈಲಲ್ಲಿ ನೋಡಿದ್ದೇವೆ. ಆಯುಧಕ್ಕೆ ಲೈಸೆನ್ಸ್ ಇತ್ತು ಅಂತ ವರದಿಯಾಯಿತು. ಆತ್ಮರಕ್ಷಣೆಗೆ ಹಾರಿಸಿದೆ ಅಂತ ಅವರೇ ಟಿವಿ ಚಾನೆಲ್ಲಿಗೆ ಹೇಳಿದರು. ಗುಂಡು ತಗುಲಿದವರು ಬದುಕಿ ಉಳಿದರು. ತಪ್ಪು ಯಾರದು ಅನ್ನೋದನ್ನು ಕೋರ್ಟ್ ಹೇಳಲಿ.

ನನಗೆ ಬೇಕಿರೋದು ಜಾಗ ಮಾತ್ರ. ಪೊಲೀಸ್ ಠಾಣೆಗಿಂತ ಹೆಚ್ಚು ತರಬೇತಿ ಪಡೆದ, ಆಯುಧ ಇರೋ ಜನ ಇರೋ ಜಾಗ ಕಲ್ಯಾಣದಲ್ಲಿ ಬೇರೆ ಯಾವುದಿದೆ? "ಸುತ್ತ ಗನ್ ಇದ್ದರೆ ಯಾರೂ ಕೈ ಎತ್ತಲ್ಲ" ಅನ್ನೋ ಮಾತು ಅಲ್ಲೇ ನಿಲ್ಲಲಿಲ್ಲ ಅಂದ್ರೆ, ಹತ್ತೊಂಬತ್ತು ಇಪ್ಪತ್ತರ ಹುಡುಗರು ತುಂಬಿರೋ ಕಾಲೇಜು ಕ್ಯಾಂಟೀನಿನಲ್ಲಿ ಹೇಗೆ ನಿಲ್ಲುತ್ತೆ?

ಲೈಸೆನ್ಸ್ ಒಬ್ಬರ ಹೆಸರಲ್ಲಿ, ಬೆರಳು ಇನ್ನೊಬ್ಬರದು

ಅದಾಗಿ ಆರೇ ದಿನಕ್ಕೆ, ಫೆಬ್ರವರಿ 8ಕ್ಕೆ, ಬೋರಿವಲಿಯಲ್ಲಿ ಮಾಜಿ ಕಾರ್ಪೊರೇಟರ್ ಅಭಿಷೇಕ್ ಘೋಸಾಳ್ಕರ್ ಫೇಸ್‌ಬುಕ್ ಲೈವ್‌ನಲ್ಲಿ ಮಾತಾಡ್ತಿದ್ದಾಗಲೇ ಕೊಲೆಯಾದರು. ಗುಂಡು ಹಾರಿಸಿದ ಮೌರಿಸ್ ನೊರೊನ್ಹಾ ಆಮೇಲೆ ತಾನೂ ಪ್ರಾಣ ತೆಗೆದುಕೊಂಡ. ಪಿಸ್ತೂಲಿನ ಲೈಸೆನ್ಸ್ ಅವನ ಹೆಸರಲ್ಲಿ ಇರಲಿಲ್ಲ, ಅವನ ಅಂಗರಕ್ಷಕನ ಹೆಸರಲ್ಲಿತ್ತು.

ಶಾಲೆಗಳಲ್ಲೂ ಇದೇ ದಾರಿಯಲ್ಲಿ ಗನ್ ಒಳಗೆ ಬಂದಿದೆ. 2007ರ ಡಿಸೆಂಬರಿನಲ್ಲಿ ಗುರ್ಗಾಂವ್‌ನ ಒಂದು ಖಾಸಗಿ ಶಾಲೆಯಲ್ಲಿ ಎಂಟನೇ ಕ್ಲಾಸಿನ ಇಬ್ಬರು ಹುಡುಗರು ಸಹಪಾಠಿಯನ್ನು ಗುಂಡಿಟ್ಟು ಕೊಂದರು. 2018ರ ಜನವರಿಯಲ್ಲಿ ಹರಿಯಾಣದ ಯಮುನಾನಗರದಲ್ಲಿ ಹನ್ನೆರಡನೇ ಕ್ಲಾಸಿನ ಹುಡುಗ ಪ್ರಿನ್ಸಿಪಾಲರನ್ನೇ ಕೊಂದ. ಎರಡರಲ್ಲೂ ಆಯುಧ ಅಪ್ಪನದು, ಲೈಸೆನ್ಸ್ ಇದ್ದದ್ದು. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು.

ಈಗ ನಮ್ಮ ಹಾಸ್ಟೆಲ್ ನೆನೆಸ್ಕೊಳ್ಳಿ. ಪಕ್ಕದ ರೂಮಿನವನ ಚಪ್ಪಲಿ, ಶರಟು, ಚಾರ್ಜರು, ಬೈಕ್ ಕೀ ಯಾವತ್ತಾದರೂ ಅವನದಾಗಿ ಉಳಿದಿದ್ದಿದೆಯಾ? ಮೂವರು ಇರೋ ರೂಮಿನಲ್ಲಿ ಒಬ್ಬನಿಗೆ ಲೈಸೆನ್ಸ್ ಅಂದ್ರೆ, ಬೀರುವಿನ ಕೀಲಿ ಎಲ್ಲಿದೆ ಅಂತ ಮೂವರಿಗೂ ಗೊತ್ತು. ಪರೀಕ್ಷೆ ಆದದ್ದು ಒಬ್ಬನದ್ದು ಮಾತ್ರ.

ಕೈ ಜಾರಿದರೆ

2024ರ ಅಕ್ಟೋಬರ್ 1ರ ಬೆಳಗಿನ ಜಾವ, ಜುಹುವಿನ ಮನೆಯಲ್ಲಿ ನಟ ಗೋವಿಂದ ಅವರ ಕಾಲಿಗೆ ಅವರದೇ ಲೈಸೆನ್ಸ್ ರಿವಾಲ್ವರಿನ ಗುಂಡು ತಗುಲಿತು. ಜಗಳ ಇಲ್ಲ, ದ್ವೇಷ ಇಲ್ಲ. ಪ್ರಯಾಣಕ್ಕೆ ಹೊರಟಿದ್ದರು, ಅಷ್ಟೇ. ದೇವರ ದಯೆ, ಗುಣವಾಗಿ ಮನೆಗೆ ಬಂದರು. ಮನೆಯಾದ್ದರಿಂದ ಸುತ್ತ ಜನ ಇರಲಿಲ್ಲ.

ಅಮೆರಿಕದ ಇಡಾಹೊ ರಾಜ್ಯದಲ್ಲಿ 2014ರ ಜುಲೈನಲ್ಲಿ ಕ್ಯಾಂಪಸ್ ಗನ್ ಕಾನೂನು ಜಾರಿಯಾಯಿತು. ಸೆಪ್ಟೆಂಬರಿನಲ್ಲಿ ಇಡಾಹೊ ಸ್ಟೇಟ್ ವಿಶ್ವವಿದ್ಯಾಲಯದ ಕೆಮಿಸ್ಟ್ರಿ ಪ್ರೊಫೆಸರ್ ಒಬ್ಬರ ಜೇಬಿನಲ್ಲಿದ್ದ ಪಿಸ್ತೂಲು ತುಂಬಿದ ಕ್ಲಾಸಿನಲ್ಲೇ ಹಾರಿ, ಗುಂಡು ಅವರದೇ ಪಾದಕ್ಕೆ ಹೋಯಿತು. ಲೈಸೆನ್ಸ್ ಇತ್ತು, ವಯಸ್ಸಾಗಿತ್ತು, ಮೇಷ್ಟ್ರೇ ಆಗಿದ್ದರು. ಟೆಕ್ಸಾಸಿನ ಕಾನೂನು ಬಂದ ಮರುತಿಂಗಳೇ ಟಾರ್ಲ್‌ಟನ್ ಸ್ಟೇಟ್ ವಿಶ್ವವಿದ್ಯಾಲಯದ ಹಾಸ್ಟೆಲ್ ಕಟ್ಟಡದಲ್ಲಿ ಆಕಸ್ಮಿಕವಾಗಿ ಒಂದು ಗುಂಡು ಹಾರಿತು. ಯಾರಿಗೂ ಏನೂ ಆಗಲಿಲ್ಲ. ಪ್ರತಿ ಸಲ "ಯಾರಿಗೂ ಏನೂ ಆಗಲಿಲ್ಲ" ಅನ್ನೋ ಭಾಗ್ಯ ಇರಬೇಕಲ್ಲ. ಡೊಂಬಿವಲಿಯ 8:20ರ ಫಾಸ್ಟ್ ಲೋಕಲ್‌ನಲ್ಲಿ ಬ್ಯಾಗನ್ನು ಎದೆಗೊತ್ತಿ ನಿಂತು ಕಾಲೇಜಿಗೆ ಹೋಗೋ ಮಕ್ಕಳನ್ನು ನೋಡಿ, ಆ ಬ್ಯಾಗುಗಳಲ್ಲಿ ಒಂದರೊಳಗೆ ಗುಂಡು ತುಂಬಿದ ಪಿಸ್ತೂಲಿದೆ ಅಂತ ಊಹಿಸಿ ಸಾಕು.

ರಾತ್ರಿ ಎರಡು ಗಂಟೆಯ ಹಾಸ್ಟೆಲ್

ಇದು ಹೇಳೋಕೆ ಕಷ್ಟವಾದ ಬೆಲೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೊಲೆಗಳಲ್ಲ, ಆತ್ಮಹತ್ಯೆಗಳು.

ಆ ಘಳಿಗೆ ಬಹಳ ಸಲ ಒಂದು ಅಲೆ ಥರ ಬಂದು ಹೋಗುತ್ತೆ. ಯಾರಾದರೂ ಬಾಗಿಲು ತಟ್ಟಿದರೆ, ಅಮ್ಮನ ಫೋನ್ ಬಂದರೆ, ಬೆಳಗಾದರೆ ಸಾಕು. ಒಮ್ಮೆ ಬದುಕಿ ಉಳಿದವರಲ್ಲಿ ಬಹುಪಾಲು ಜನ ಆಮೇಲೆ ಆ ದಾರಿ ಹಿಡಿಯಲ್ಲ. ಆದರೆ ಗನ್ ಕೈಗೆ ಸಿಕ್ಕಿದರೆ ಬಾಗಿಲು ತಟ್ಟೋರು ಬರೋವರೆಗೂ ಸಮಯವೇ ಇರಲ್ಲ. ಬ್ಯಾಕ್‌ಲಾಗ್, ಸಾಲ, ಪ್ಲೇಸ್‌ಮೆಂಟ್ ಅಂತ ಒಳಗೊಳಗೇ ಕುಗ್ಗುವ ವಯಸ್ಸಿನವರ ಕೋಣೆಗೆ ಅದನ್ನು ತಂದಿಡೋದು, ಯಾವ ಕೊಲೆಗಾರನೂ ಬರದೇ ಹೋದರೂ ಬರುವ ಅಪಾಯ. ಇದನ್ನು ಓದ್ತಿರೋರಲ್ಲಿ ಯಾರಿಗಾದರೂ ಮನಸ್ಸು ಭಾರವಾಗಿದ್ದರೆ 14416ಕ್ಕೆ, ಅಂದ್ರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿಗೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಮಾತಿನ ಬೆಲೆ, ಮಾರ್ಕ್ಸಿನ ಬೆಲೆ

2016ರ ಫೆಬ್ರವರಿಯಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ಅಧ್ಯಾಪಕರ ಸಭೆಯೊಂದರಲ್ಲಿ ತೋರಿಸಿದ ಸ್ಲೈಡ್ ದೇಶದಲ್ಲೆಲ್ಲ ಸುದ್ದಿಯಾಯಿತು. ಹೊಸ ಕಾನೂನು ಬಂದ ಮೇಲೆ ಸೂಕ್ಷ್ಮ ವಿಷಯ ಚರ್ಚಿಸುವಾಗ ಹುಷಾರಾಗಿರಿ, ಕೆಲವನ್ನು ಪಠ್ಯದಿಂದ ಕೈಬಿಡೋದನ್ನೂ ಯೋಚಿಸಿ, ವಿದ್ಯಾರ್ಥಿ ಸಿಟ್ಟಾಗಿದ್ದಾನೆ ಅನಿಸಿದರೆ ಮುಂದುವರಿಸಬೇಡಿ, ಇದು ಅದರ ಸಾರ. ಆಸ್ಟಿನ್‌ನಲ್ಲಿ ವಾಸ್ತುಶಿಲ್ಪ ವಿಭಾಗದ ಡೀನ್ ಫ್ರಿಟ್ಜ್ ಸ್ಟೈನರ್ ಇದೇ ಕಾನೂನನ್ನೂ ಕಾರಣವಾಗಿ ಹೇಳಿ ಬೇರೆ ವಿಶ್ವವಿದ್ಯಾಲಯಕ್ಕೆ ಹೋದರು. ಅದಕ್ಕೂ ಮೊದಲು 2014ರಲ್ಲಿ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅನಿಟಾ ಸರ್ಕೀಸಿಯನ್ ಭಾಷಣ ಇತ್ತು. ಕೊಲ್ಲುವ ಬೆದರಿಕೆಯ ಇಮೇಲ್ ಬಂತು. ಪರ್ಮಿಟ್ ಇರೋರು ಗನ್ ತರೋದನ್ನು ಅಲ್ಲಿನ ಕಾನೂನಿನಂತೆ ತಡೆಯೋಕಾಗಲ್ಲ ಅಂತ ಗೊತ್ತಾದ ಮೇಲೆ ಅವರು ಭಾಷಣವನ್ನೇ ರದ್ದು ಮಾಡಿದರು. ಒಂದು ಗುಂಡೂ ಹಾರಲಿಲ್ಲ. ಆದರೂ ಮಾತು ನಿಂತಿತು.

ಇದು ನಮಗೆ ದೂರದ ಮಾತಲ್ಲ. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿ ಮೇಷ್ಟ್ರ ಮನೆ ಬಾಗಿಲು ತಟ್ಟಿದವರ ಕೈಯಲ್ಲಿ ಏನಿತ್ತು ಅಂತ ಕನ್ನಡಿಗರಿಗೆ ಹೇಳಬೇಕಿಲ್ಲ. ಅದು ಲೈಸೆನ್ಸ್ ಗನ್ ಅಲ್ಲ, ಆ ಕೊಲೆಗೂ ಕ್ಯಾಂಪಸ್ ಕಾನೂನಿಗೂ ಸಂಬಂಧ ಇಲ್ಲ. ಆದರೆ ಮೇಷ್ಟ್ರು ಮತ್ತು ಗನ್ ಒಂದೇ ಬಾಗಿಲಲ್ಲಿ ನಿಂತರೆ ಪಾಠ ಹೇಗೆ ತಣ್ಣಗಾಗುತ್ತೆ ಅನ್ನೋದು ನಮಗೆ ಗೊತ್ತಿರೋ ವಿಷಯ.

ಈಗ ನನ್ನ ಕಥೆ. ವಿಡಿಯೊ ನೋಡೋರಲ್ಲಿ ಕೆಲವರು ಕೇಳ್ತಿರ್ತಾರೆ, ಎಡ ಹುಬ್ಬಿನ ಮೇಲೆ ಗೀಟು ಏನು ಸರ್ ಅಂತ. ಎಂಟೆಕ್ ಓದುವಾಗ ಸ್ಟೈಪೆಂಡಿಗಾಗಿ ಬಿಇ ಹುಡುಗರ ಲ್ಯಾಬ್ ನೋಡ್ಕೋತಿದ್ದೆ. ಒಬ್ಬ ಹುಡುಗ ಪೂರ್ತಿ ಪ್ರೋಗ್ರಾಂ ಪಕ್ಕದವನಿಂದ ಕಾಪಿ ಹೊಡೆದಿದ್ದ, ಸೊನ್ನೆ ಹಾಕಿದೆ. ಇಂಟರ್ನಲ್ಸ್ ಹೋದರೆ ಕ್ಯಾಂಪಸ್ ಇಂಟರ್‌ವ್ಯೂ ಹೋಗುತ್ತೆ ಅನ್ನೋ ಭಯ ಅವನಿಗೆ. ಅವತ್ತು ರಾತ್ರಿ ಹನ್ನೊಂದಕ್ಕೆ ಕುಡಿದು ಬಂದು ನನ್ನ ರೂಮಿನ ಬಾಗಿಲು ಬಡಿದ. ತೆಗೆದೆ. ಮಾತಿಗೆ ಮಾತು ಬೆಳೀತು. ನಾನೂ ಸುಮ್ಮನಿರಲಿಲ್ಲ, ಬಾಯಿಗೆ ಬಂದದ್ದು ಅಂದೆ. ಬಾಗಿಲ ಪಕ್ಕ ನೀರಿನ ಸ್ಟೀಲ್ ತಂಬಿಗೆ ಇತ್ತು, ಎತ್ತಿ ಎಸೆದ. ಮೂರು ಹೊಲಿಗೆ.

ಬೆಳಗ್ಗೆ ಅವನೇ ಬಂದು ಬಾಗಿಲಲ್ಲಿ ಅಳ್ತಾ ನಿಂತಿದ್ದ. ವಾರ್ಡನ್ ಹತ್ರ ಪತ್ರ ಬರೆಸಿಕೊಂಡು ಮುಗಿಸಿದ್ವಿ. ಅವನು ಆ ಲ್ಯಾಬ್ ಮತ್ತೆ ಮಾಡಿ ಪಾಸಾದ. ಈಗ ಬೆಂಗಳೂರಲ್ಲಿ ಒಳ್ಳೆ ಕೆಲಸದಲ್ಲಿದ್ದಾನೆ, ಒಬ್ಬಳು ಮಗಳಿದ್ದಾಳೆ. ಅವನನ್ನು ಕೇಳಿಯೇ ಇದನ್ನು ಬರೀತಿದ್ದೀನಿ. ಅವನ ಮನೆ ಮಲೆನಾಡಿನ ಅಡಿಕೆ ತೋಟದಲ್ಲಿ, ಬೆಳೆ ಕಾಯೋಕೆ ಅಂತ ಅಪ್ಪನ ಹೆಸರಲ್ಲಿ ಲೈಸೆನ್ಸ್ ಬಂದೂಕೂ ಇತ್ತು. ಫೋನಲ್ಲಿ ಅವನು ಹೇಳಿದ್ದು: "ಸರ್, ಅವತ್ತು ಕೈಗೆ ಏನು ಸಿಕ್ಕಿದ್ರೂ ಎತ್ತಿಬಿಡ್ತಿದ್ದೆ." ಅವನು ಕೆಟ್ಟವನಾಗಿರಲಿಲ್ಲ, ಯಾವ ಪೊಲೀಸ್ ವಿಚಾರಣೆಯಲ್ಲೂ ಫೇಲ್ ಆಗ್ತಿರಲಿಲ್ಲ. ನಾನು ಬದುಕಿರೋದು, ಅವನು ಜೈಲಿಗೆ ಹೋಗದೆ ಇರೋದು, ಬಾಗಿಲ ಪಕ್ಕ ಇದ್ದದ್ದು ತಂಬಿಗೆ ಅನ್ನೋ ಒಂದೇ ಕಾರಣಕ್ಕೆ.

ಇನ್ನೊಂದು ಮಾತೂ ಇದೆ. ಅವನ ಬ್ಯಾಗಲ್ಲಿ ಗನ್ ಇರಬಹುದು ಅಂತ ಗೊತ್ತಿದ್ದಿದ್ದರೆ ನಾನು ಆ ಸೊನ್ನೆ ಹಾಕ್ತಿದ್ನಾ? ನಿಜ ಹೇಳ್ತೀನಿ, ಹಾಕ್ತಿರಲಿಲ್ಲ. ಹತ್ತಕ್ಕೆ ಆರು ಹಾಕಿ ಕಳಿಸ್ತಿದ್ದೆ.

ದುಡ್ಡಿನ ಲೆಕ್ಕ

2015ರಲ್ಲಿ ಮಸೂದೆ ಚರ್ಚೆಯಲ್ಲಿದ್ದಾಗ ಟೆಕ್ಸಾಸ್ ವಿಶ್ವವಿದ್ಯಾಲಯ ವ್ಯವಸ್ಥೆ ಆರು ವರ್ಷಕ್ಕೆ ಸುಮಾರು 3.9 ಕೋಟಿ ಡಾಲರ್ ಖರ್ಚು ಬರಬಹುದು ಅಂತ ಅಂದಾಜು ಕೊಟ್ಟಿತ್ತು. ಇಡಾಹೊದ ಸರಕಾರಿ ಕಾಲೇಜು, ವಿಶ್ವವಿದ್ಯಾಲಯಗಳು ಹೆಚ್ಚುವರಿ ಭದ್ರತೆಗೆ ಕೇಳಿದ್ದು 37 ಲಕ್ಷ ಡಾಲರಿಗೂ ಹೆಚ್ಚು. ಗನ್ ಇಡೋ ಲಾಕರು, ಕಾವಲುಗಾರರು, ಅವರ ತರಬೇತಿ, ಫಲಕಗಳು, ವಿಮೆ, ವಕೀಲರು. ಗನ್ ಇಟ್ಟುಕೊಂಡವನು ತನ್ನ ಲೈಸೆನ್ಸ್ ಫೀ ಮಾತ್ರ ಕಟ್ಟುತ್ತಾನೆ. ಉಳಿದದ್ದು ಎಲ್ಲರ ಫೀಸಿನಲ್ಲಿ, ತೆರಿಗೆಯಲ್ಲಿ ಸೇರುತ್ತೆ. ಅಕ್ಕ ಮನೆ ಅಡ ಇಟ್ಟು ಕಟ್ಟೋ ಡಾಲರಿನಲ್ಲೂ ಅದರ ಚೂರು ಇರುತ್ತೆ.

ಹೆಣ್ಣುಮಕ್ಕಳ ಸುರಕ್ಷತೆ ಅಂದ್ರಲ್ಲ

2014ರ ಜನವರಿಯಲ್ಲಿ ಕಾನ್ಪುರದ ಸರಕಾರಿ ಆಯುಧ ಕಾರ್ಖಾನೆ 'ನಿರ್ಭೀಕ್' ಅಂತ ಒಂದು ರಿವಾಲ್ವರ್ ತಂದಿತು, ಹೆಂಗಸರಿಗಾಗಿ ಅಂತ, ದೆಹಲಿಯ ನಿರ್ಭಯಾಳ ನೆನಪಿನ ಹೆಸರು. ತೂಕ ಸುಮಾರು ಅರ್ಧ ಕಿಲೊ, ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಕಲ್ಯಾಣ್ ಸ್ಟೇಷನ್ನಿಂದ ಶೇರ್ ರಿಕ್ಷಾದಲ್ಲಿ ಮನೆಗೆ ಬರೋ ಹುಡುಗಿಯ ಮನೆಯಲ್ಲಿ ಅಷ್ಟು ದುಡ್ಡು ಎಲ್ಲಿದೆ? ನಮ್ಮಲ್ಲಿ ಲೈಸೆನ್ಸ್ ಯಾರಿಗೆ ಸಲೀಸಾಗಿ ಸಿಗುತ್ತೆ ಅಂತ ನಾನು ಹೇಳೋದಕ್ಕಿಂತ ನಿಮ್ಮ ಸುತ್ತ ನೋಡಿ: ಬಿಲ್ಡರು, ಪುಢಾರಿ, ಅವರ ಜೊತೆ ತಿರುಗೋರು. ಕಾಲೇಜಿನ ಗೇಟು ತೆರೆದರೆ ಮೊದಲು ಒಳಗೆ ಬರೋದು ಅವರ ಮಕ್ಕಳ ಗನ್ನು. ಆಗ ಆ ಹುಡುಗಿಯ ಭಯ ಕಡಿಮೆಯಾಗುತ್ತಾ, ಜಾಸ್ತಿಯಾಗುತ್ತಾ? ಅವಳಿಗೆ ಬೇಕಿರೋದು ದೀಪ ಇರೋ ರಸ್ತೆ, ರಾತ್ರಿ ಲೇಡೀಸ್ ಡಬ್ಬಿಯಲ್ಲಿ ಪೊಲೀಸು, ದೂರು ಕೊಟ್ಟರೆ ತಗೊಳ್ಳೋ ಠಾಣೆ.

ಕೊಡಗಿನವರ ಹತ್ರ ಗನ್ ಇಲ್ವಾ?

ಈ ಪ್ರಶ್ನೆ ಬಂದೇ ಬರುತ್ತೆ. ಇದೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದು ಸರಿ ಅಂತು. ಅಲ್ಲಿ ಬಂದೂಕಿಗೆ ಕೈಲ್‌ಪೊಳ್ದು ಹಬ್ಬದಲ್ಲಿ ಪೂಜೆ ಇದೆ. ಅದರ ಜಾಗ ಐನ್‌ಮನೆ, ತೋಟ, ಹಬ್ಬ. ಹಿರಿಯರ ಕಣ್ಣ ಮುಂದೆ ಇರುವ, ಎಲ್ಲರಿಗೂ ಕಾಣುವ ವಸ್ತು ಅದು. ಯಾರ ಹತ್ರ ಇದೆ ಅಂತಲೇ ಗೊತ್ತಾಗದ ಹಾಗೆ ಕ್ಲಾಸಿನ ಬೆಂಚಿನ ಕೆಳಗೆ ಇರೋ ಪಿಸ್ತೂಲು ಬೇರೆ. ವಿನಾಯಿತಿ ಇರೋ ಕೊಡವರ ಮಕ್ಕಳೂ ಕಾಲೇಜಿಗೆ ಪುಸ್ತಕ ತಗೊಂಡೇ ಹೋಗ್ತಾರೆ.

ಅಕ್ಕನಿಗೆ ಹೇಳಿದ್ದು

ಹೋಗಬೇಡ ಅಂತ ಹೇಳಲಿಲ್ಲ. ಸಾವಿರಾರು ನಮ್ಮ ಮಕ್ಕಳು ಅಲ್ಲಿ ಓದಿ ಚೆನ್ನಾಗಿದ್ದಾರೆ. ಹುಡುಗನ ಜೊತೆ ಕೂತು ಕೆಲವು ವಿಷಯ ಹೇಳಿದೆ, ನಿಮ್ಮ ಮನೆಯಿಂದ ಹೋಗೋರಿಗೂ ಹೇಳಿ.

ಒಂದು, ಗನ್ ಎಲ್ಲೆಲ್ಲಿ ಇರಬಹುದು, ಎಲ್ಲಿ ಇಲ್ಲ ಅಂತ ವಿಶ್ವವಿದ್ಯಾಲಯದ ನಿಯಮ ಇರುತ್ತೆ, ಹೋಗೋ ಮೊದಲೇ ಓದು. ಎರಡು, ರೂಮ್‌ಮೇಟ್ ಹುಡುಕುವಾಗ ಬಾಡಿಗೆ, ಅಡುಗೆ ಕೇಳೋ ಹಾಗೆ "ಮನೆಯಲ್ಲಿ ಗನ್ ಇದೆಯಾ, ಬೀಗ ಹಾಕಿ ಇಡ್ತೀಯಾ" ಅಂತಲೂ ಕೇಳು, ಸಂಕೋಚ ಬೇಡ. ಮೂರು, ಗೆಳೆಯರು ಶೂಟಿಂಗ್ ರೇಂಜಿಗೆ ಬಾ ಅಂದರೂ ನಿನ್ನ ವೀಸಾದಲ್ಲಿ ಗನ್ ಕೈಗೆ ತಗೊಳ್ಳೋದು ಅಪರಾಧವಾಗಬಹುದು, ಮೊದಲು ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳು. ನಾಲ್ಕು, ಅಲ್ಲಿ ಗನ್ ಮುಚ್ಚಿಟ್ಟಿರಬೇಕು ಅನ್ನೋದೇ ಕಾನೂನು. ಹೊರಗೆ ತೆಗೆದು ತೋರಿಸಿದರೆ, ಬೆದರಿಸಿದರೆ ಕ್ಯಾಂಪಸ್ ಪೊಲೀಸರಿಗೆ ಫೋನ್ ಮಾಡು. ಐದು, ವಿಶ್ವವಿದ್ಯಾಲಯದ ತುರ್ತು ಸಂದೇಶಕ್ಕೆ ನಂಬರ್ ಕೊಟ್ಟಿಡು. ಆರು, ಟಿಎ ಕೆಲಸ ಸಿಕ್ಕರೆ ಮಾರ್ಕ್ಸಿನ ಮಾತು ಕಚೇರಿ ವೇಳೆಯಲ್ಲಿ, ಬಾಗಿಲು ತೆರೆದಿಟ್ಟು ಆಡು.

ಆರನೆಯದು ಹೇಳುವಾಗ ಹುಡುಗ ನನ್ನ ಹುಬ್ಬು ನೋಡಿ ನಕ್ಕ. "ಮಾಮ, ನಿಂಗೆ ತಂಬಿಗೆ ಬಿದ್ದಿದ್ದಕ್ಕೆ ಇಷ್ಟೆಲ್ಲಾನಾ?" ಅಂದ. "ಹೌದು ಕಣೋ, ತಂಬಿಗೆ ಆಗಿದ್ದಕ್ಕೇ" ಅಂದೆ.

ಇಷ್ಟೇ ನಾನು ಹೇಳಬೇಕಿದ್ದದ್ದು. ನಮ್ಮ ಲೈಸೆನ್ಸಿನ ಆ ಹಳೇ ಷರತ್ತು, ಜಾತ್ರೆ ಮತ್ತು ಕಾಲೇಜಿಗೆ ಬೇಡ ಅನ್ನೋ ಸಾಲು, ಹಾಗೇ ಇರಲಿ. ಮುಂದಿನ ಸಲ ಸೊಸೈಟಿ ಗುಂಪಿನಲ್ಲಿ "ಮಕ್ಕಳಿಗೂ ಲೈಸೆನ್ಸ್ ಕೊಡಲಿ" ಅಂತ ಯಾರಾದರೂ ಬರೆದರೆ ಅವರ ಜೊತೆ ಜಗಳ ಆಡಬೇಡಿ. ನಿಮ್ಮ ಹಾಸ್ಟೆಲ್ ದಿನಗಳ ಅತಿ ಕೆಟ್ಟ ರಾತ್ರಿ ಯಾವುದು, ಅವತ್ತು ಕೈಗೆ ಸಿಕ್ಕಿದ್ದು ಏನು ಅಂತ ಕೇಳಿ ನೋಡಿ.